ಬಡ್ಡಿ ತಪ್ಪಿಸದ ಡಚ್ ಸರ್ಕಾರ ಕೋಟೆ ಕಟ್ಟಿದವರ ಕೂಲಿ ಮಾತ್ರ ಯಾಕೆ ಬಾಕಿ ಇಡುತ್ತಿತ್ತು?

ಪ್ರಶ್ನೆ ಕೇಳಿದವರು: ಮಣ್ಣಿನಕೋಟೆ

ಎಲ್ಲರಿಗೂ ನಮಸ್ಕಾರ.

ನನಗೆ ನಕ್ಷತ್ರದ ಆಕಾರದ ಕೋಟೆಗಳೆಂದರೆ ಮೊದಲಿಂದಲೂ ಹುಚ್ಚು. ನೆದರ್‌ಲ್ಯಾಂಡ್ಸ್‌ನ ಬೌರ್ಟಾಂಗ, ನಾರ್ಡನ್, ವಿಲ್ಲೆಮ್‌ಸ್ಟಾಟ್ ಕೋಟೆಗಳ ನಕ್ಷೆ ಎದುರಿಗಿಟ್ಟುಕೊಂಡು ಕೂತರೆ ಊಟದ ನೆನಪೂ ಆಗುವುದಿಲ್ಲ. ಈಗ ನಕ್ಷೆ ಬಿಟ್ಟು ಲೆಕ್ಕಪತ್ರಗಳ ಕಡೆ ಬಂದಿದ್ದೇನೆ. ಬಂದ ಮೇಲೆ ಒಂದು ವಿಷಯ ಬಗೆಹರಿಯುತ್ತಿಲ್ಲ.

ಹಣದ ವ್ಯವಹಾರದಲ್ಲಿ 17ನೇ ಶತಮಾನದ ಡಚ್ ಗಣರಾಜ್ಯಕ್ಕೆ ಒಳ್ಳೆಯ ಹೆಸರಿತ್ತು. ಸ್ಪೇನಿನ ದೊರೆಗಳು 1596, 1607, 1627, 1647 ಹೀಗೆ ಮತ್ತೆ ಮತ್ತೆ ಸಾಲ ಕೊಟ್ಟವರಿಗೆ ಕೈ ಎತ್ತಿದರು. ಅದೇ ಹೊತ್ತಿನಲ್ಲಿ ಹಾಲೆಂಡ್ ಪ್ರಾಂತ್ಯಕ್ಕೆ ಸಾಲ ಕೊಡಲು ಜನ ತಾವಾಗಿಯೇ ಬರುತ್ತಿದ್ದರು. ಬಡ್ಡಿಯನ್ನು 1640ರಲ್ಲಿ ಶೇ. 5ಕ್ಕೆ, 1655ರಲ್ಲಿ ಶೇ. 4ಕ್ಕೆ ಇಳಿಸಿದರೂ ಸಾಲ ಸಿಗುವುದು ನಿಲ್ಲಲಿಲ್ಲ. ಸೈನಿಕರ ಸಂಬಳವೂ ಬೇರೆ ದೇಶಗಳಿಗಿಂತ ಸರಿಯಾಗಿ ಬರುತ್ತಿತ್ತಂತೆ.

ಆದರೆ ಪ್ರಾಂತ್ಯಗಳ ಪ್ರತಿನಿಧಿಗಳು ಸೇರುತ್ತಿದ್ದ ಸ್ಟೇಟ್ಸ್ ಜನರಲ್ ಸಭೆಯ ನಿರ್ಣಯಗಳನ್ನು ಓದಿದರೆ ಬೇರೆಯದೇ ಕತೆ. (1576ರಿಂದ 1796ರವರೆಗಿನ ನಿರ್ಣಯಗಳನ್ನು ಈಗ ಕಂಪ್ಯೂಟರಿನಲ್ಲೇ ಹುಡುಕಬಹುದು. ಹಳೇ ಡಚ್ ಭಾಷೆ, ಕಷ್ಟಪಟ್ಟು ಓದುತ್ತಿದ್ದೇನೆ.) ಕೊತ್ತಲ ಕಟ್ಟಿದ ಗುತ್ತಿಗೆದಾರ, ಕಂದಕ ತೋಡಿಸಿದ ಗುತ್ತಿಗೆದಾರ, ಮರದ ಬೇಲಿ ನೆಟ್ಟವನು, ಕೊನೆಗೆ ಸತ್ತವನ ಹೆಂಡತಿ. ಎಲ್ಲರದೂ ಒಂದೇ ಅರ್ಜಿ. ಕೆಲಸ ಮುಗಿದಿದೆ, ಹಣ ಬಂದಿಲ್ಲ.

ದುಡ್ಡಿರುವ ಸರ್ಕಾರ ಹೀಗೆ ಯಾಕೆ ಮಾಡುತ್ತಿತ್ತು? ಗುತ್ತಿಗೆದಾರನಿಗೇ ಹಣ ಬರದಿದ್ದರೆ ಕೆಳಗೆ ಗುದ್ದಲಿ ಹಿಡಿದವನ ಗತಿ ಏನು? ಅವರು ಕೆಲಸ ನಿಲ್ಲಿಸುತ್ತಿರಲಿಲ್ಲವೇ? ಗೊತ್ತಿದ್ದವರು ದಯವಿಟ್ಟು ಹೇಳಿ.


ಸುಮ್ನೆಬಂದೆ:

ಇದರಲ್ಲಿ ಒಗಟು ಏನಿದೆ? 1568ರಿಂದ 1648ರವರೆಗೆ, ನಡುವೆ 12 ವರ್ಷದ ಕದನವಿರಾಮ ಬಿಟ್ಟರೆ, ಸ್ಪೇನ್ ಜತೆ ಯುದ್ಧವೋ ಯುದ್ಧ. ಖಜಾನೆ ಖಾಲಿ ಆಗಿರುತ್ತೆ. ಯುದ್ಧ ಮಾಡಿದ ಯಾವ ಸರ್ಕಾರ ತಾನೇ ಕೂಲಿ ಸರಿಯಾಗಿ ಕೊಟ್ಟಿದೆ?


ಅಳತೆಗೋಲು:

ಖಜಾನೆ ಖಾಲಿ ಅಂದರೆ ಮುಗಿಯಲಿಲ್ಲ. ಯಾರ ಖಜಾನೆ ಅಂತ ಮೊದಲು ಕೇಳಬೇಕು.

ನಾನು ಕೆಲಸದಲ್ಲಿದ್ದಷ್ಟು ಕಾಲ ಮಣ್ಣಿನ ಕೆಲಸದ ಬಿಲ್ ಬರೆದವನು. ಕಾಲುವೆ, ಏರಿ, ರಸ್ತೆಯ ದಿಬ್ಬ ಇಂಥವು. ನಿವೃತ್ತಿಯಾದ ಮೇಲೆ ಹಳೇ ಕಾಲದ ಇಂಥದ್ದೇ ಲೆಕ್ಕ ಓದುವ ಚಟ ಹತ್ತಿದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಡಚ್ ಗಣರಾಜ್ಯ ಅನ್ನುವುದು ಒಂದು ಸರ್ಕಾರ ಅಲ್ಲವೇ ಅಲ್ಲ. ಹಾಲೆಂಡ್, ಝೀಲೆಂಡ್, ಉಟ್ರೆಕ್ಟ್, ಗೆಲ್ಡರ್‌ಲ್ಯಾಂಡ್, ಓವರೈಸಲ್, ಫ್ರೀಸ್‌ಲ್ಯಾಂಡ್, ಗ್ರೋನಿಂಗೆನ್ ಎಂಬ ಏಳು ಪ್ರಾಂತ್ಯಗಳ ಕೂಟ. ತೆರಿಗೆ ಹಾಕುವುದು ಪ್ರಾಂತ್ಯ. ವಸೂಲಿ ಮಾಡುವುದು ಪ್ರಾಂತ್ಯ. ಸಾಲ ಎತ್ತುವುದೂ ಹೆಚ್ಚಾಗಿ ಪ್ರಾಂತ್ಯವೇ. ನೀವು ಹೇಳಿದ ಶೇ. 4ರ ಬಡ್ಡಿ ಹಾಲೆಂಡಿನದು, ಗಣರಾಜ್ಯದ್ದಲ್ಲ. ಹೇಗ್ ನಗರದಲ್ಲಿ ಕೂತಿದ್ದ ಸ್ಟೇಟ್ಸ್ ಜನರಲ್‌ಗೆ ಸ್ವಂತ ಆದಾಯ ಅಂತ ಇದ್ದದ್ದು ಕಡಿಮೆ. ಗೆದ್ದುಕೊಂಡ ಬ್ರಬಾಂಟ್, ಫ್ಲಾಂಡರ್ಸ್ ಭಾಗಗಳಿಂದ ಒಂದಿಷ್ಟು ಬರುತ್ತಿತ್ತು. ಬಂದರಿನ ಸುಂಕ ನೌಕಾಪಡೆಗೆ ಹೋಗುತ್ತಿತ್ತು. ಉಳಿದದ್ದಕ್ಕೆಲ್ಲ ಪ್ರಾಂತ್ಯಗಳ ಮುಂದೆ ಕೈ ಚಾಚಬೇಕು.

ಕೈ ಚಾಚುವುದಕ್ಕೂ ಒಂದು ಕ್ರಮ ಇತ್ತು. ಕೌನ್ಸಿಲ್ ಆಫ್ ಸ್ಟೇಟ್ ಅಂತ ಒಂದು ಮಂಡಳಿ. ಸೈನ್ಯ ಮತ್ತು ಕೋಟೆಗಳ ಆಡಳಿತ ಅದರ ಕೈಯಲ್ಲಿ. ಅದು ಪ್ರತಿ ವರ್ಷ ಮುಂದಿನ ವರ್ಷದ ಯುದ್ಧ ಖರ್ಚಿನ ಪಟ್ಟಿ ಮಾಡಿ ಪ್ರಾಂತ್ಯಗಳಿಗೆ ಕಳಿಸುತ್ತಿತ್ತು. ಯಾರು ಎಷ್ಟು ಕೊಡಬೇಕು ಅನ್ನುವುದು ಮೊದಲೇ ಗೊತ್ತು. 100 ಗಿಲ್ಡರ್ (ಅದು ಅವರ ನಾಣ್ಯ) ಖರ್ಚಿದ್ದರೆ ಸುಮಾರು 58 ಹಾಲೆಂಡಿನದು. ಫ್ರೀಸ್‌ಲ್ಯಾಂಡಿನದು ಹನ್ನೊಂದೂವರೆಯ ಆಸುಪಾಸು, ಝೀಲೆಂಡಿನದು 9ರ ಸುತ್ತ, ಓವರೈಸಲ್‌ನದು ಮೂರೂವರೆ. ಮತದಾನದ ಹಕ್ಕೇ ಇಲ್ಲದ ಡ್ರೆಂಥ ಕೂಡ 1 ಗಿಲ್ಡರ್ ಕೊಡಬೇಕಿತ್ತು.

ಈಗ ಮುಖ್ಯ ವಿಷಯ. ಸೈನ್ಯದ ಸಂಬಳ ಮತ್ತು ಕೋಟೆಯ ಕೂಲಿ ಒಂದೇ ದಾರಿಯಲ್ಲಿ ಬರುತ್ತಿರಲಿಲ್ಲ.

ಸೈನ್ಯದ ಪ್ರತಿ ತುಕಡಿಯನ್ನೂ ಒಂದೊಂದು ಪ್ರಾಂತ್ಯದ ಲೆಕ್ಕಕ್ಕೆ ಬರೆದುಬಿಡುತ್ತಿದ್ದರು. ಈ ತುಕಡಿಯ ಸಂಬಳ ಉಟ್ರೆಕ್ಟಿನದು, ಆ ತುಕಡಿಯದು ಹಾಲೆಂಡಿನದು ಅಂತ. ಯಾವ ಬಾಗಿಲು ಬಡಿಯಬೇಕು ಅಂತ ಕ್ಯಾಪ್ಟನ್‌ಗೆ ಗೊತ್ತಿತ್ತು. ಪ್ರಾಂತ್ಯದ ದುಡ್ಡು ತಡವಾದರೆ ನಡುವೆ ನಿಂತು ಬಡ್ಡಿಗೆ ಮುಂಗಡ ಕೊಡುವ ಏಜೆಂಟರೂ ಇದ್ದರು. ಸೊಲಿಸಿಟರ್ ಅಂತ ಕರೆಯುತ್ತಿದ್ದರು, ಅದೇ ಒಂದು ಕಸುಬಾಗಿತ್ತು. ಸೈನಿಕನ ಕೈಗೆ ವಾರವಾರ ಕಾಸು ತಲುಪಲು ಅವರೇ ಕಾರಣ.

ಕೋಟೆ ಕೆಲಸಕ್ಕೆ ಈ ಅನುಕೂಲ ಇರಲಿಲ್ಲ. ಅದಕ್ಕೆ ಬೇರೆ ಬೇಡಿಕೆ ಹೋಗಬೇಕು, ಪ್ರಾಂತ್ಯಗಳು ಬೇರೆಯಾಗಿ ಒಪ್ಪಬೇಕು, ಒಪ್ಪಿದ ಮೇಲೆ ನಗದು ಹೇಗ್‌ನ ಖಜಾಂಚಿಯ ಪೆಟ್ಟಿಗೆಗೆ ಬಂದು ಬೀಳಬೇಕು. ಏಳು ಕಡೆಯಿಂದ ಬರಬೇಕಾದ ದುಡ್ಡು, ಅದರಲ್ಲಿ ಮೂರು ಕಡೆಯವರು ಈ ವರ್ಷ ಆಗಲ್ಲ ಅಂದರೆ ಕತೆ ಮುಗಿಯಿತು. ಯಾಕೆ ಆಗಲ್ಲ ಅಂತಾರೆ? ಕೋಟೆ ಇರುವುದು ಗಡಿಯಲ್ಲಿ. ದಕ್ಷಿಣದ ಬೆರ್ಗೆನ್ ಆಪ್ ಝೂಮ್ ಊರಿನ ಕೊತ್ತಲಕ್ಕೆ ಉತ್ತರದ ಗ್ರೋನಿಂಗೆನ್ ರೈತನ ತೆರಿಗೆ ಯಾಕೆ ಹೋಗಬೇಕು ಅನ್ನುವ ಮಾತು ಸಭೆಯಲ್ಲಿ ಸುಲಭವಾಗಿ ಹುಟ್ಟುತ್ತದೆ. ತಮಾಷೆ ನೋಡಿ, ವಿಲ್ಲೆಮ್‌ಸ್ಟಾಟ್‌ನ ಏಳು ಕೊತ್ತಲಗಳಿಗೆ ಏಳು ಪ್ರಾಂತ್ಯಗಳ ಹೆಸರೇ ಇದೆ. ಹೆಸರು ಕೊಡುವಾಗ ಇದ್ದ ಒಗ್ಗಟ್ಟು ಹಣ ಕೊಡುವಾಗ ಇರುತ್ತಿರಲಿಲ್ಲ.

ಇನ್ನು ಗುತ್ತಿಗೆ ನಡೆಯುತ್ತಿದ್ದ ರೀತಿ. ಇದು ನನಗೆ ತೀರಾ ಪರಿಚಿತ ಅನ್ನಿಸಿತು. ಎಂಜಿನಿಯರ್ ಕೆಲಸದ ವಿವರ ಬರೆಯುತ್ತಾನೆ. ಕಂದಕದ ಅಗಲ, ಆಳ, ದಿಬ್ಬದ ಇಳಿಜಾರು, ಹುಲ್ಲುಹೆಂಟೆ ಯಾವ ಕಡೆಯಿಂದ ತರಬೇಕು, ಎಲ್ಲ. ಅದನ್ನು ಎಲ್ಲರ ಮುಂದೆ ಓದಿ ಹರಾಜು ಹಾಕುತ್ತಾರೆ. ಕಡಿಮೆ ಕೂಗಿದವನಿಗೆ ಕೆಲಸ. ಅವನು ಜಾಮೀನುದಾರರನ್ನು ತರಬೇಕು. ಹಣ ಕಂತಿನಲ್ಲಿ. ಶುರುವಿಗೆ ಒಂದು, ನಡುವೆ ಒಂದು, ಎಂಜಿನಿಯರ್ ಬಂದು ಅಳೆದು ಒಪ್ಪಿದ ಮೇಲೆ ಕೊನೆಯದು. ಬಾಕಿ ಬೀಳುವುದು ಜಾಸ್ತಿ ಈ ಕೊನೆಯ ಕಂತೇ.

ಮಣ್ಣು ಅಳೆಯಲು ಅವರ ಲೆಕ್ಕ ಹೀಗೆ. 12 ರೈನ್‌ಲ್ಯಾಂಡ್ ಅಡಿ ಉದ್ದ, 12 ಅಡಿ ಅಗಲ, 1 ಅಡಿ ಆಳ. ಒಟ್ಟು 144 ಘನ ಅಡಿ. ಅದಕ್ಕೆ ಒಂದು ಸ್ಖಾಕ್ಟ್ ಅಂತ ಹೆಸರು. ಈಗಿನ ಲೆಕ್ಕಕ್ಕೆ ನಾಲ್ಕೂವರೆ ಘನ ಮೀಟರಿನ ಹತ್ತಿರ. ಒಂದು ಸಣ್ಣ ಕೆಲಸ ಅಂದರೂ ಸಾವಿರಾರು ಸ್ಖಾಕ್ಟ್. ಅಗೆದ ಕಂದಕ ಅಳೆಯಬೇಕಾ, ಏರಿಸಿದ ದಿಬ್ಬ ಅಳೆಯಬೇಕಾ ಅನ್ನುವುದು ಮಣ್ಣಿನ ಕೆಲಸದ ಹಳೇ ಜಗಳ. ನಮ್ಮಲ್ಲೂ ಇದಕ್ಕೆ ತಲೆ ಒಡೆದುಕೊಂಡಿದ್ದೇವೆ. ಅಲ್ಲಿನ ನೆಲ ಬೇರೆ ಮೆತ್ತಗಿನ ಜವುಗು. ಇವತ್ತು 18 ಅಡಿ ಏರಿಸಿದ ದಿಬ್ಬ ಮಳೆಗಾಲ ಕಳೆಯುವುದರೊಳಗೆ ಕುಸಿದು ಕೂತಿರುತ್ತದೆ. ಅಳೆಯಲು ಎಂಜಿನಿಯರ್ ತಡವಾಗಿ ಬಂದಷ್ಟೂ ಗುತ್ತಿಗೆದಾರನಿಗೆ ನಷ್ಟ.

ಅಳತೆ ಆಯಿತು, ಕೌನ್ಸಿಲ್ ಆಫ್ ಸ್ಟೇಟ್ ಹಣ ಕೊಡಲು ಆದೇಶದ ಚೀಟಿಯನ್ನೂ ಬರೆಯಿತು ಅಂತಿಟ್ಟುಕೊಳ್ಳಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಚೀಟಿ ಹಿಡಿದು ಖಜಾಂಚಿಯ ಹತ್ತಿರ ಹೋದರೆ, ಪ್ರಾಂತ್ಯದಿಂದ ಬಂದಿಲ್ಲ ಅಂತಾನೆ. ಆಗ ಗುತ್ತಿಗೆದಾರ ಸ್ಟೇಟ್ಸ್ ಜನರಲ್‌ಗೆ ಅರ್ಜಿ ಹಾಕುತ್ತಾನೆ. ಸ್ಟೇಟ್ಸ್ ಜನರಲ್ ಆ ಅರ್ಜಿಯನ್ನು ಅಭಿಪ್ರಾಯ ತಿಳಿಸಿ ಅಂತ ಅದೇ ಕೌನ್ಸಿಲ್ ಆಫ್ ಸ್ಟೇಟ್‌ಗೆ ಕಳಿಸುತ್ತದೆ. ನೀವು ಓದುತ್ತಿರುವ ನಿರ್ಣಯಗಳಲ್ಲಿ ಈ ಸಾಲು ಎಷ್ಟು ಸಲ ಬರುತ್ತದೆ, ಗಮನಿಸಿ. ಯಾರೂ ಇಲ್ಲ ಅನ್ನುವುದಿಲ್ಲ. ಹಣ ಕೊಡಬೇಕು ಅಂತ ಎಲ್ಲರೂ ಒಪ್ಪುತ್ತಾರೆ. ಕೊಡುವವರು ಮಾತ್ರ ಬೇರೆ ಯಾರೋ.

ಹಾಗಾದರೆ ಸೈನಿಕರ ವಿಷಯದಲ್ಲಿ ಯಾಕೆ ಅಷ್ಟು ಕಾಳಜಿ? ಹೆದರಿಕೆ. 1576ರಲ್ಲಿ ಸಂಬಳ ಸಿಗದ ಸ್ಪೇನ್ ಸೈನಿಕರು ಆಂಟ್‌ವರ್ಪ್ ನಗರವನ್ನು ಸೂರೆ ಮಾಡಿದ್ದನ್ನು ಇವರು ಕಣ್ಣಾರೆ ನೋಡಿದ್ದರು. 1589ರಲ್ಲಿ ತಮಗೇ ಆ ಅನುಭವ ಆಯಿತು. ಸಂಬಳದ ಜಗಳದಲ್ಲಿ ದಂಗೆ ಎದ್ದ ಖೆರ್ಟ್ರೌಡೆನ್‌ಬೆರ್ಗ್ ಕಾವಲು ಪಡೆ ಊರನ್ನೇ ಶತ್ರುವಿಗೆ ಮಾರಿಬಿಟ್ಟಿತು. ಸಾಲ ಕೊಟ್ಟವರ ಬಡ್ಡಿ ಯಾಕೆ ತಪ್ಪುತ್ತಿರಲಿಲ್ಲ? ಸಾಲಪತ್ರ ಕೊಂಡವರಲ್ಲಿ ನಗರಗಳ ಆಡಳಿತ ನಡೆಸುವ ಮನೆತನದವರೇ ಬೇಕಾದಷ್ಟು ಇದ್ದರು. ತಮ್ಮ ಬಡ್ಡಿ ತಾವೇ ನಿಲ್ಲಿಸಿಕೊಳ್ಳುತ್ತಾರಾ? ಕಂದಕ ತೋಡಿದವನ ಹತ್ತಿರ ಬಂದೂಕವೂ ಇಲ್ಲ, ಸಭೆಯಲ್ಲಿ ಕುರ್ಚಿಯೂ ಇಲ್ಲ. ಅವನನ್ನು ಕಾಯಿಸಿದರೆ ಯಾರಿಗೂ ಏನೂ ಆಗುವುದಿಲ್ಲ. ಒಳ್ಳೆಯ ಹೆಸರು ಉಳಿಸಿಕೊಂಡದ್ದೇ ಹೀಗೆ ಕೆಲವರನ್ನು ಕಾಯಿಸಿ ಅಂತ ನನ್ನ ಅಭಿಪ್ರಾಯ.


ಮಣ್ಣಿನಕೋಟೆ:

ಅಳತೆಗೋಲು ಸರ್, ತುಂಬಾ ಥ್ಯಾಂಕ್ಸ್. ಆ ಸಾಲು ನಿಜವಾಗಿ ಪುಟಪುಟಕ್ಕೂ ಬರುತ್ತೆ! ಅದೊಂದು ಒಣ ಪದ್ಧತಿ ಅಂದುಕೊಂಡು ದಾಟಿಕೊಂಡು ಹೋಗುತ್ತಿದ್ದೆ.

ಇನ್ನೊಂದು ಕೇಳಬೇಕು. ಇಷ್ಟೊಂದು ಕೆಲಸ ವರ್ಷವರ್ಷ ಯಾಕೆ ಇರುತ್ತಿತ್ತು? ಒಂದು ಸಲ ಕೋಟೆ ಕಟ್ಟಿದರೆ ಮುಗೀತಲ್ವಾ? ಮತ್ತೆ, ಅಗೆಯುತ್ತಿದ್ದವರು ಯಾರು? ಸೈನಿಕರೇ ಅಗೆಯುತ್ತಿದ್ದರು ಅಂತಲೂ ಓದಿದ್ದೇನೆ.


ಗುದ್ದಲಿಪುರಾಣ:

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಕಲ್ಲಿನ ಕೋಟೆ ಬೇರೆ, ಮಣ್ಣಿನ ಕೋಟೆ ಬೇರೆ. ಡಚ್ಚರು ಮಣ್ಣು ಆರಿಸಿಕೊಂಡದ್ದಕ್ಕೆ ಕಾರಣ ಇತ್ತು. ಫಿರಂಗಿ ಗುಂಡು ಇಟ್ಟಿಗೆ ಗೋಡೆಯನ್ನು ಒಡೆಯುತ್ತದೆ, ಮಣ್ಣಿನ ದಿಬ್ಬದಲ್ಲಿ ಹೂತುಹೋಗುತ್ತದೆ. ಇಟ್ಟಿಗೆ ದುಬಾರಿ, ಮಣ್ಣು ಕಂದಕದಿಂದಲೇ ಬರುತ್ತದೆ. ನೀರಂತೂ ಎರಡು ಗುದ್ದಲಿ ಆಳಕ್ಕೆ ಸಿಗುತ್ತದೆ. ಕಟ್ಟುವಾಗ ಅಗ್ಗ, ಸರಿ. ಆಮೇಲೆ ಸಾಕುವುದು ಕಷ್ಟ. ಮಳೆಗೆ ಇಳಿಜಾರು ಜಾರುತ್ತದೆ. ದನ ಹತ್ತಿ ಹುಲ್ಲು ಕಿತ್ತರೆ ಮಣ್ಣು ಬಿಚ್ಚಿಕೊಳ್ಳುತ್ತದೆ. ಮರದ ಬೇಲಿ ಕೊಳೆಯುತ್ತದೆ. ಕಂದಕದಲ್ಲಿ ಹೂಳು ತುಂಬುತ್ತದೆ. ಚಳಿಗಾಲದಲ್ಲಿ ಕಂದಕ ಹೆಪ್ಪುಗಟ್ಟಿದರೆ ಮಂಜುಗಡ್ಡೆ ಒಡೆಯಲೇ ಬೇಕು, ಇಲ್ಲದಿದ್ದರೆ ಶತ್ರು ನಡೆದುಕೊಂಡು ಬರುತ್ತಾನೆ. ಇವೆಲ್ಲ ಸಣ್ಣ ಸಣ್ಣ ಬಿಲ್‌ಗಳು. ಸಣ್ಣ ಬಿಲ್ ಮರೆಯುವುದು ಸುಲಭ.

ಅಗೆಯುವವರಲ್ಲಿ ಮೂರು ಬಗೆ. ಒಂದು, ಕಸುಬಿನವರು. ಸಮುದ್ರದ ಒಡ್ಡು ಕಟ್ಟಿ, ಕೆರೆ ಬತ್ತಿಸಿ ಪಳಗಿದ ಜನ. ಒಬ್ಬ ಮೇಸ್ತ್ರಿಯ ಕೆಳಗೆ ಗುಂಪುಗುಂಪಾಗಿ ಬರುತ್ತಿದ್ದರು. ಗುದ್ದಲಿ, ಹಲಗೆ, ಒಂಟಿ ಚಕ್ರದ ಕೈಗಾಡಿ ಅವರ ಆಸ್ತಿ. ಎರಡು, ಸೈನಿಕರು. ಗುದ್ದಲಿ ಹಿಡಿಯುವುದು ಸೈನಿಕನಿಗೆ ಅವಮಾನ ಅಂತಿದ್ದ ಕಾಲದಲ್ಲಿ ಡಚ್ ಸೇನಾಪತಿ ರಾಜಕುಮಾರ ಮೌರಿಸ್ ತನ್ನ ಸೈನಿಕರಿಂದಲೇ ಅಗೆಸಿದ. 1592ರಲ್ಲಿ ಸ್ಟೇನ್‌ವೈಕ್ ಊರಿನ ಮುತ್ತಿಗೆಯಲ್ಲಿ ಗೋಡೆಯ ಮೇಲಿದ್ದವರು ಇವರನ್ನು ನೋಡಿ ಹಳ್ಳ ತೋಡುವವರು ಅಂತ ನಕ್ಕಿದ್ದರು. ಊರು ಕೈಬಿಟ್ಟ ಮೇಲೆ ನಗು ನಿಂತಿತು. ಅಗೆತಕ್ಕೆ ಸಂಬಳದ ಮೇಲೆ ಬೇರೆ ಕಾಸು ಕೊಡುತ್ತಿದ್ದರು. ಮೂರು, ಸುತ್ತಲಿನ ಹಳ್ಳಿಯ ರೈತರು. ಇವರನ್ನು ಕರೆದದ್ದಲ್ಲ, ಹುಕುಂ ಮಾಡಿ ಎಳೆದು ತಂದದ್ದು. ಗಾಡಿ, ಕುದುರೆ ಸಮೇತ. ಮತದ ಹಕ್ಕಿಲ್ಲದ ಬ್ರಬಾಂಟ್ ಕಡೆಯವರಿಗೆ ಈ ಕಾಟ ಜಾಸ್ತಿ.

ಆದರೆ ಅಳತೆಗೋಲು ಅವರ ಒಂದು ಮಾತು ನಾನು ಪೂರ್ತಿ ಒಪ್ಪುವುದಿಲ್ಲ. ಕಾಯಿಸಿದರೆ ಏನೂ ಆಗುವುದಿಲ್ಲ ಅಂದಿರಿ. ಒಡ್ಡು ಕಟ್ಟುವವರು ಮುಷ್ಕರ ಹೂಡುವುದರಲ್ಲಿ ಗಟ್ಟಿಗರು. 16ನೇ ಶತಮಾನದಲ್ಲೇ ಒಡ್ಡಿನ ಮೇಲ್ವಿಚಾರಕರು ಅವರ ಗಲಾಟೆಗೆ ಬೇಸತ್ತು ಬರೆದದ್ದಿದೆ. ಭರತದ ನೀರು ಏರುವ ಹೊತ್ತು ನೋಡಿ ಕೈಗಾಡಿ ಕೆಳಗಿಟ್ಟುಬಿಡುತ್ತಿದ್ದರು. ನೀರು ಕಾಯುವುದಿಲ್ಲವಲ್ಲ, ಕೂಲಿ ಏರಿಸಲೇ ಬೇಕು. ಮುತ್ತಿಗೆಯಲ್ಲೂ ಅದೇ ಆಟ ಸಾಧ್ಯ. 1629ರಲ್ಲಿ ಸ್ಹೆರ್ಟೊಖೆನ್‌ಬಾಸ್ ಮುತ್ತಿಗೆಗೆ ಮೌರಿಸ್‌ನ ತಮ್ಮ, ಆಗಿನ ಡಚ್ ಸೇನಾಪತಿ ಫ್ರೆಡರಿಕ್ ಹೆನ್ರಿ ಊರ ಸುತ್ತ ಹತ್ತಾರು ಕಿಲೋಮೀಟರ್ ಉದ್ದದ ದಿಬ್ಬ ಹಾಕಿಸಿದ. 'ಡೊಮ್ಮೆಲ್' ಮತ್ತು 'ಆ' ಎಂಬ ಎರಡು ನದಿಗಳಿಗೆ ಒಡ್ಡು ಕಟ್ಟಿ ತಿರುಗಿಸಿದ. ಜವುಗು ಬತ್ತಿಸಲು ಗಾಳಿಯಂತ್ರದ ನಿಪುಣ ಲೇಖ್‌ವಾಟರ್ ಬಂದಿದ್ದ. ಮೇ ತಿಂಗಳಲ್ಲಿ ಶುರುವಾದದ್ದು ಸೆಪ್ಟೆಂಬರ್ 14ಕ್ಕೆ ಊರು ಶರಣಾಗಿ ಮುಗಿಯಿತು. ನಡುವೆ ಕೂಲಿ ನಿಂತಿದ್ದರೆ ಮುತ್ತಿಗೆಯೇ ನಿಲ್ಲುತ್ತಿತ್ತು. ಹಿಂದಿನ ವರ್ಷ ಡಚ್ ನೌಕಾ ನಾಯಕ ಪೀಟ್ ಹೈನ್ ಸ್ಪೇನಿನ ಬೆಳ್ಳಿ ಹಡಗುಗಳನ್ನು ಹಿಡಿದು 1 ಕೋಟಿ ಗಿಲ್ಡರಿಗೂ ಮೇಲೆ ತಂದಿದ್ದ, ಕೈಯಲ್ಲಿ ಕಾಸೂ ಓಡಾಡುತ್ತಿತ್ತು.


ಅಳತೆಗೋಲು:

ಒಳ್ಳೆಯ ಮಾತು ಹೇಳಿದಿರಿ. ನನ್ನ ವಾದ ಇನ್ನೂ ಬಲವಾಯಿತು ಅಂತಲೇ ತಿಳಿಯುತ್ತೇನೆ. ಅವಸರ ಇದ್ದಾಗ ಕೂಲಿ ಬರುತ್ತದೆ, ಅವಸರ ತೀರಿದಾಗ ಬಾಕಿ ಬೀಳುತ್ತದೆ. ಮುತ್ತಿಗೆ ದಿಬ್ಬಕ್ಕೂ ಗಡಿ ಕೋಟೆಯ ದುರಸ್ತಿಗೂ ಇರುವ ವ್ಯತ್ಯಾಸ ಅದೇ. ಶತ್ರು ಕಾಣದ ವರ್ಷ ಕಂದಕದ ಹೂಳು ತೆಗೆದವನು ಕೈಗಾಡಿ ಕೆಳಗಿಟ್ಟರೆ ಹೇಗ್‌ನಲ್ಲಿ ಯಾರಿಗೆ ನಿದ್ದೆ ಕೆಡುತ್ತದೆ?

1648ರಲ್ಲಿ ಶಾಂತಿ ಒಪ್ಪಂದ ಆದ ಮೇಲೆ ಇದು ವಿಪರೀತಕ್ಕೆ ಹೋಯಿತು. ಸೈನ್ಯ ಇಳಿಸಿದರು. ದುಡ್ಡು ನೌಕಾಪಡೆ ಕಡೆ ಹೋಯಿತು. ಇಂಗ್ಲೆಂಡ್ ಜತೆ ಸಮುದ್ರದ ಯುದ್ಧ ಇತ್ತು, ತಪ್ಪು ಅನ್ನಲಾರೆ. ಆದರೆ ಪೂರ್ವದ ಗಡಿಯ ಕೋಟೆಗಳಿಗೆ ಬಂದ ಗತಿ 1672ರಲ್ಲಿ ಎಲ್ಲರಿಗೂ ಕಂಡಿತು. ಫ್ರಾನ್ಸಿನ ಹದಿನಾಲ್ಕನೇ ಲೂಯಿ ಬಂದ. ರೈನ್ ದಂಡೆಯಲ್ಲಿ ಡಚ್ ಪಡೆ ಕಾಯುತ್ತಿದ್ದ ಓರ್ಸಾಯ್, ರೈನ್‌ಬೆರ್ಗ್, ವೇಸೆಲ್, ರೇಸ್ ಊರುಗಳು ಜೂನ್ ಮೊದಲ ದಿನಗಳಲ್ಲೇ ಒಂದಾದ ಮೇಲೆ ಒಂದು ಬಿದ್ದವು. ಜೂನ್ 12ಕ್ಕೆ ಫ್ರೆಂಚರು ರೈನ್ ದಾಟಿದರು. ಹಾಲೆಂಡನ್ನು ಕಾಪಾಡಿದ್ದು ಕೊತ್ತಲ ಅಲ್ಲ, ನೀರು. ತೂಬು ತೆರೆದು, ಒಡ್ಡು ಕಡಿದು ಹೊಲ ಮುಳುಗಿಸಿದರು. ರೈತರು ಎದುರು ನಿಂತರು, ಅವರನ್ನು ಬಲವಂತದಿಂದ ಸರಿಸಬೇಕಾಯಿತು. ಆ ಡಿಸೆಂಬರಿನಲ್ಲಿ ನೀರು ಹೆಪ್ಪುಗಟ್ಟಿದಾಗ ಫ್ರೆಂಚರು ಮಂಜುಗಡ್ಡೆಯ ಮೇಲೆಯೇ ಬಂದರು. ಮಂಜುಗಡ್ಡೆ ಕರಗದಿದ್ದರೆ ಇನ್ನೂ ಮುಂದೆ ಹೋಗುತ್ತಿದ್ದರು. ವಾಪಸ್ ಹೋಗುತ್ತಾ ಬೊಡೆಗ್ರಾವೆನ್ ಮತ್ತು ಝ್ವಾಮರ್‌ಡಾಮ್ ಊರುಗಳನ್ನು ಸುಟ್ಟರು.

ಆಮೇಲೆ ನೋಡಿ, ದುಡ್ಡು ಹೇಗೋ ಹುಟ್ಟಿತು. ನಾರ್ಡನ್ ಕೋಟೆಯನ್ನು 1673ರಲ್ಲಿ ಫ್ರೆಂಚರಿಂದ ವಾಪಸ್ ಪಡೆದ ಮೇಲೆ 1675ರಿಂದ ಸುಮಾರು 10 ವರ್ಷ ಹಿಡಿದು ಹೊಸದಾಗಿ ಕಟ್ಟಿದರು. ನೀವು ಈಗ ನಕ್ಷೆಯಲ್ಲಿ ನೋಡುವ ಆರು ಕೊತ್ತಲಗಳ ಚೆಂದ ಆಗಿನದು. ನಾರ್ಡನ್ ಇರುವುದು ಆಮ್‌ಸ್ಟರ್‌ಡ್ಯಾಮ್‌ಗೆ ಬಹಳ ಹತ್ತಿರ. ದುಡ್ಡಿನವರ ಮನೆ ಬಾಗಿಲಿನಲ್ಲಿ ಇರುವ ಕೋಟೆ ಅದು. ಇದನ್ನೂ ಗಮನಿಸಿ.

ಬಾಕಿ ಉಳಿಸಿದ ಪ್ರಾಂತ್ಯಕ್ಕೆ ಶಿಕ್ಷೆ ಇರಲಿಲ್ಲವೇ ಅಂತ ಮುಂದಿನ ಪ್ರಶ್ನೆ ಬರಬಹುದು. ಇತ್ತು. 1600ರಲ್ಲಿ ಗ್ರೋನಿಂಗೆನ್ ನಗರ ತನ್ನ ಪಾಲು ಕೊಡಲು ಹಠ ಮಾಡಿದಾಗ ಸ್ಟೇಟ್ಸ್ ಜನರಲ್ ಸೈನ್ಯ ಕಳಿಸಿತು. ನಗರವನ್ನು ಹತೋಟಿಯಲ್ಲಿಡಲು ಅಲ್ಲೇ ಒಂದು ಕೋಟೆ ಕಟ್ಟಿಸಿತು. ವಸೂಲಿಗೆ ಅಂತ ಕಟ್ಟಿದ ಕೋಟೆ! 1607ರಲ್ಲಿ ಅದನ್ನು ಕೆಡವಿಯೂ ಹಾಕಿದರು. ಕಟ್ಟಲು ಒಂದು ಕೂಲಿ, ಕೆಡವಲು ಇನ್ನೊಂದು. ಇಂಥ ಕ್ರಮ ವರ್ಷವರ್ಷ ನಡೆಸಲು ಆಗುವುದಿಲ್ಲ. ಯಾಕೆಂದರೆ ತಪ್ಪು ಮಾಡುವವರೂ ಶಿಕ್ಷೆ ಕೊಡುವವರೂ ಅದೇ ಏಳು ಜನ.


ಸುಮ್ನೆಬಂದೆ:

ಸರಿ, ಖಜಾನೆ ವಿಷಯ ಅರ್ಥ ಆಯ್ತು. ಆದರೆ ಗುತ್ತಿಗೆದಾರನ ಮೇಲೆ ಇಷ್ಟೊಂದು ಕನಿಕರ ಯಾಕೆ? ಹಣ ತಡವಾಗಿ ಬರುತ್ತೆ ಅಂತ ಅವನಿಗೆ ಗೊತ್ತಿರುತ್ತೆ ತಾನೆ. ಹರಾಜಿನಲ್ಲಿ ಕೂಗುವಾಗಲೇ ಆ ಬಡ್ಡಿ ಸೇರಿಸಿ ಕೂಗಿರುತ್ತಾನೆ. ಅಳೋದು ಬರೀ ನಾಟಕ.


ಅಳತೆಗೋಲು:

ದೊಡ್ಡ ಕುಳಗಳ ವಿಷಯದಲ್ಲಿ ನಿಮ್ಮ ಮಾತು ನಿಜ ಇರಬಹುದು. ಅಂಥವರಿಗೆ ಸಾಲ ಸಿಗುತ್ತದೆ, ಹೇಗ್‌ನಲ್ಲಿ ಪರಿಚಯ ಇರುತ್ತದೆ, ಕೊನೆಯ ಕಂತು ಎರಡು ವರ್ಷ ತಡವಾದರೂ ತಡೆದುಕೊಳ್ಳುತ್ತಾರೆ. ಆದರೆ ಕೆಲಸ ಸಿಗುವುದು ಕಡಿಮೆ ಕೂಗಿದವನಿಗೆ. ಬಡ್ಡಿ ಸೇರಿಸಿ ಕೂಗಿದವನು ಸೇರಿಸದವನ ಎದುರು ಸೋಲುತ್ತಾನೆ. ಸೇರಿಸದೆ ಕೂಗುವವನು ಯಾರು? ಒಂದೋ ಹೊಸಬ, ಇಲ್ಲ ಕೆಲಸ ಇಲ್ಲದೆ ಕೂತವನು. ಒಡ್ಡಿನ ಮೇಸ್ತ್ರಿಯಾಗಿದ್ದು ನಾಲ್ಕು ಕಾಸು ಕೂಡಿಟ್ಟು ಗುತ್ತಿಗೆಗೆ ಇಳಿದವರು ಹೀಗೇ ಸಿಕ್ಕಿಹಾಕಿಕೊಳ್ಳುವುದು. ಜಾಮೀನು ನಿಂತ ಮಾವ, ಭಾವಮೈದುನರೂ ಜತೆಗೆ ಮುಳುಗುತ್ತಾರೆ. ಅದೇ ಕಾರಣಕ್ಕೆ ಕೈಯಲ್ಲಿರುವ ಹಣದ ಚೀಟಿಯನ್ನು ಬರೆದ ಬೆಲೆಗಿಂತ ಕಡಿಮೆಗೆ ಯಾರಿಗಾದರೂ ಮಾರಿ ಕೈ ತೊಳೆದುಕೊಳ್ಳುವುದು. ಕೊಂಡವನು ದುಡ್ಡಿನವನು, ಕಾಯಬಲ್ಲ. ಸರ್ಕಾರ ಪೂರ್ತಿ ಹಣವನ್ನೇ ಕೊಡುತ್ತದೆ. ಮಣ್ಣು ಹೊತ್ತವನ ಕಡೆಯವರಿಗೆ ಸೇರುವುದು ಮಾತ್ರ ಅಷ್ಟಲ್ಲ.

ಇನ್ನು ಗುದ್ದಲಿ ಹಿಡಿದವನ ಲೆಕ್ಕ ಹಾಕಿ. 1 ಗಿಲ್ಡರ್ ಅಂದರೆ 20 ಸ್ಟೈವರ್. ಶತಮಾನದ ನಡುವಿನಲ್ಲಿ ಹಾಲೆಂಡಿನ ಸಾಮಾನ್ಯ ಕೂಲಿಯವನಿಗೆ ಬೇಸಿಗೆಯ ದಿನಕ್ಕೆ ಅದರ ಹತ್ತಿರ ಸಿಗುತ್ತಿತ್ತು. ಪೂರ್ವದ ಪ್ರಾಂತ್ಯಗಳಲ್ಲಿ ಅದಕ್ಕಿಂತ ಕಡಿಮೆ. ಚಳಿಗಾಲದಲ್ಲಿ ಹಗಲು ಚಿಕ್ಕದು, ಕೂಲಿಯೂ ಚಿಕ್ಕದು. ನೆಲ ಹೆಪ್ಪುಗಟ್ಟಿದರೆ ಕೆಲಸವೇ ಇಲ್ಲ. ಅಂದರೆ ವಸಂತದಿಂದ ಶರತ್ಕಾಲದವರೆಗೆ ದುಡಿದದ್ದರಲ್ಲೇ ವರ್ಷ ಸಾಗಬೇಕು. ಕೊನೆಯ ಕಂತು ಬರಬೇಕಾದದ್ದು ಸರಿಯಾಗಿ ಶರತ್ಕಾಲದಲ್ಲಿ. ಅದು ತಪ್ಪಿದರೆ ಚಳಿಗಾಲದ ಬ್ರೆಡ್ ಸಾಲದಲ್ಲಿ ಬರಬೇಕು. ಕೆಲಸದ ಜಾಗದಲ್ಲೇ ಬಿಯರ್, ತಿಂಡಿ ಕಡ ಕೊಡುವವನು ಇರುತ್ತಾನೆ, ಅವನ ಪುಸ್ತಕದಲ್ಲಿ ಬಾಕಿ ಬೆಳೆಯುತ್ತಾ ಹೋಗುತ್ತದೆ.


ಮಣ್ಣಿನಕೋಟೆ:

ಸರ್, ಆದರೆ ಈ ಕೂಲಿಯವರ ಅರ್ಜಿ ನನಗೆ ಒಂದೂ ಕಂಡಿಲ್ಲ. ಗುತ್ತಿಗೆದಾರರದು, ಎಂಜಿನಿಯರುಗಳದು, ವಿಧವೆಯರದು ಇದೆ. ಅವರು ಅರ್ಜಿ ಹಾಕುತ್ತಲೇ ಇರಲಿಲ್ಲವೇ? ನಾನು ತಪ್ಪು ಕಡೆ ಹುಡುಕುತ್ತಿದ್ದೇನಾ?


ಅಳತೆಗೋಲು:

ಹೇಗ್‌ನ ಸಭೆಗೂ ಅವರಿಗೂ ಸಂಬಂಧವೇ ಇಲ್ಲ. ಸರ್ಕಾರ ಸಾಲ ಇಟ್ಟುಕೊಂಡಿರುವುದು ಗುತ್ತಿಗೆದಾರನಿಗೆ. ಕೂಲಿಯವನಿಗೆ ಸಾಲ ಇಟ್ಟುಕೊಂಡಿರುವುದು ಮೇಸ್ತ್ರಿ. ಮೇಸ್ತ್ರಿಗೆ ಗುತ್ತಿಗೆದಾರ. ಹಾಗಾಗಿ ಸ್ಟೇಟ್ಸ್ ಜನರಲ್ ನಿರ್ಣಯಗಳಲ್ಲಿ ಅವನ ಹೆಸರು ಹುಡುಕಿದರೆ ಸಿಗುವುದು ಕಷ್ಟ. 1602ರಲ್ಲಿ ಶುರುವಾದ ಜನರಾಲಿಟಿ (ಅಂದರೆ ಏಳೂ ಪ್ರಾಂತ್ಯ ಸೇರಿದ ಕೂಟದ) ಲೆಕ್ಕಪರಿಶೋಧನೆಯ ಕಚೇರಿಯವರೂ ನೋಡುತ್ತಿದ್ದದ್ದು ಮೇಲಿನ ಚೀಟಿಗಳನ್ನೇ.

ನೀವು ಊರಿನ ಮಟ್ಟಕ್ಕೆ ಇಳಿಯಿರಿ. ಎರಡು ಕಡೆ ನೋಡಿ. ಒಂದು, ನೋಟರಿಗಳ ದಾಖಲೆ. ಡಚ್ಚರು ಸಣ್ಣ ಜಗಳಕ್ಕೂ ನೋಟರಿಯ ಹತ್ತಿರ ಹೋಗಿ ಹೇಳಿಕೆ ಬರೆಸುತ್ತಿದ್ದರು. ಇಂಥ ದಿನ ಇಷ್ಟು ಜನ ಕೆಲಸ ಮಾಡಿದ್ದೇವೆ, ಮೇಸ್ತ್ರಿ ಇಷ್ಟು ಕೊಟ್ಟಿಲ್ಲ ಅಂತ. ಓದಲು ಬಾರದವನು ಕೆಳಗೆ ಒಂದು ಗುರುತು ಹಾಕಿರುತ್ತಾನೆ. ಎರಡು, ಗಡಿ ಊರುಗಳ ನಗರಸಭೆಯ ಲೆಕ್ಕ. ಪ್ರಾಂತ್ಯದ ಹಣ ಬರುವ ತನಕ ಎಷ್ಟೋ ಸಲ ಊರೇ ಮುಂಗಡ ಕೊಟ್ಟು ಕೆಲಸ ನಡೆಸುತ್ತಿತ್ತು, ಆಮೇಲೆ ಜನರಾಲಿಟಿಯಿಂದ ವಸೂಲಿಗೆ ಓಡಾಡುತ್ತಿತ್ತು. ಅಂಥ ಲೆಕ್ಕದಲ್ಲಿ ವಾರದ ಕೂಲಿ ಪಟ್ಟಿ ಸಿಕ್ಕರೆ ನಿಮ್ಮ ಅದೃಷ್ಟ. ಒಂದೇ ಊರು, ಒಂದೇ ಕೆಲಸ ಹಿಡಿದುಕೊಳ್ಳಿ. ಮೇಲಿನ ಚೀಟಿಯ ತಾರೀಕು, ಕೆಳಗಿನ ನೋಟರಿ ಹೇಳಿಕೆಯ ತಾರೀಕು ಪಕ್ಕಪಕ್ಕ ಇಡಿ. ಹಣ ಎಲ್ಲಿ ನಿಂತಿತ್ತು ಅಂತ ಅಲ್ಲೇ ಗೊತ್ತಾಗುತ್ತದೆ.


ಗುದ್ದಲಿಪುರಾಣ:

ಒಂದು ಮಾತು ಸೇರಿಸುತ್ತೇನೆ. ನೋಟರಿ ಪುಸ್ತಕ ನೋಡುವಾಗ ನವೆಂಬರ್, ಡಿಸೆಂಬರ್ ತಿಂಗಳಿಂದ ಶುರು ಮಾಡಿ. ಕೆಲಸ ನಿಂತು ಗುಂಪು ಚದುರುವ ಹೊತ್ತು ಅದು. ಜಗಳ ಏಳುವುದು ಆಗಲೇ.


ಮಣ್ಣಿನಕೋಟೆ:

ಇಬ್ಬರಿಗೂ ಥ್ಯಾಂಕ್ಸ್. ಹಾಗಾದರೆ ನಾರ್ಡನ್ ಹಿಡಿಯುತ್ತೇನೆ, 1675ರಿಂದ. ದುಡ್ಡಿನವರ ಬಾಗಿಲಿನ ಕೋಟೆಯಲ್ಲಾದರೂ ಕೂಲಿ ಸರಿಯಾಗಿ ಬಂದಿತ್ತಾ ಅಂತ ನೋಡಬೇಕು. ಏನಾದರೂ ಸಿಕ್ಕರೆ ಇಲ್ಲೇ ಬರೆಯುತ್ತೇನೆ.